ಓಟ ನಮ್ಮದು, ಸಮಯ ಗಿರಾಕಿಯದು

ಟಿಕ್ಕಣ್ಣನ ಅಂಗಡಿಯಲ್ಲಿ ನಲವತ್ತೊಂದು ಗಡಿಯಾರಗಳಿದ್ದವು. ಗಂಟೆ ಎಷ್ಟು ಎಂಬುದು ಮಾತ್ರ ಅಲ್ಲಿ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಗೋಡೆಯ ಮೇಲಿನದೊಂದು ಹತ್ತೂವರೆ ಎನ್ನುತ್ತಿತ್ತು, ಅದರ ಮಗ್ಗುಲಿನದು ಮೂರು ಮುಕ್ಕಾಲು. ಮೇಜಿನ ಮೇಲೆ ಬೆನ್ನು ಬಿಚ್ಚಿಸಿಕೊಂಡು ಬೋರಲು ಮಲಗಿದ್ದ ಅಲಾರಾಂ ಗಡಿಯಾರ ಏನನ್ನೂ ಹೇಳುವ ಸ್ಥಿತಿಯಲ್ಲಿರಲಿಲ್ಲ. ಮೊದಲ ಸಲ ಬಂದ ಗಿರಾಕಿ ಒಮ್ಮೆ ಗೋಡೆ ನೋಡಿ, ಒಮ್ಮೆ ಟಿಕ್ಕಣ್ಣನ ಮುಖ ನೋಡಿ, ಕೈಯಲ್ಲಿದ್ದ ವಾಚನ್ನು ಮೆಲ್ಲಗೆ ಜೇಬಿಗೆ ವಾಪಸು ಸೇರಿಸಲು ನೋಡುತ್ತಿದ್ದ.

ಇದು ಅಡ್ಡಾದಿಡ್ಡಿಯಲ್ಲ, ಪದ್ಧತಿ. ಟಿಕ್ಕಣ್ಣನಿಗೆ ಕಸುಬು ಕಲಿಸಿದ ಸೋದರಮಾವ ಹೇಳಿಕೊಟ್ಟ ಮೊದಲ ಪಾಠವೇ ಇದು: ರಿಪೇರಿಯಾದ ಗಡಿಯಾರಕ್ಕೆ ಸಮಯ ಹೊಂದಿಸಬಾರದು. ಸುಮ್ಮನೆ ಓಡಲು ಬಿಡಬೇಕು. ದಿನಕ್ಕೆ ಎಷ್ಟು ಹಿಂದೆ ಬಿತ್ತು, ಎಷ್ಟು ಮುಂದೆ ಹೋಯಿತು ಎಂದು ಪುಸ್ತಕದಲ್ಲಿ ಬರೆದಿಡಬೇಕು. ಮುಳ್ಳು ಎಲ್ಲಿಂದ ಹೊರಟರೇನು, ಓಟ ಸರಿಯಿದ್ದರೆ ಸಾಕು. ಗಿರಾಕಿ ಬಂದು ಎದುರು ನಿಂತ ಮೇಲೆ "ಗಂಟೆ ಎಷ್ಟು ಇಡಲಿ?" ಎಂದು ಕೇಳಿ, ಅವನು ಹೇಳಿದ್ದನ್ನು ಇಟ್ಟು ಕೈಗೆ ಕೊಡಬೇಕು. ಓಟ ನಮ್ಮದು, ಸಮಯ ಗಿರಾಕಿಯದು ಎಂಬುದು ಮಾವನ ಮಾತು. ಮಾವ ಹೋಗಿ ಎಷ್ಟೋ ವರ್ಷವಾಗಿತ್ತು. ಅವನ ಪೆಟ್ಟಿಗೆ ಗಡಿಯಾರ ಇನ್ನೂ ಎದುರು ಗೋಡೆಯಲ್ಲಿ ತೂಗುತ್ತಿತ್ತು. ಉಳಿದ ನಲವತ್ತರ ಓಟವನ್ನೂ ಟಿಕ್ಕಣ್ಣ ಅದರ ಜೊತೆಗಿಟ್ಟು ಅಳೆಯುತ್ತಿದ್ದ. ಓಟದಲ್ಲಿ ಅದನ್ನು ಮೀರಿಸುವ ಗಡಿಯಾರ ಆ ಬೀದಿಯಲ್ಲೇ ಇರಲಿಲ್ಲ. ಊರಿನ ಗಂಟೆಗಿಂತ ಸುಮಾರು ನಾಲ್ಕು ಗಂಟೆ ಇಪ್ಪತ್ತು ನಿಮಿಷ ಹಿಂದೆ ಇತ್ತು, ಅಷ್ಟೆ. ಅದಕ್ಕೆ ಗಿರಾಕಿ ಅಂತ ಯಾರೂ ಇಲ್ಲದ್ದರಿಂದ ಸಮಯ ಇಡುವ ಪ್ರಶ್ನೆಯೇ ಎದ್ದಿರಲಿಲ್ಲ.

ಹಾಗಾದರೆ ಟಿಕ್ಕಣ್ಣ ಅಂಗಡಿ ತೆಗೆಯುತ್ತಿದ್ದುದು, ಮುಚ್ಚುತ್ತಿದ್ದುದು ಯಾವ ಲೆಕ್ಕದಲ್ಲಿ? ಪಕ್ಕದಂಗಡಿಯ ಷಟರ್ ಮೇಲೇರಿದ ಸದ್ದಾದರೆ ತೆಗೆಯುವುದು, ಕೆಳಗಿಳಿದ ಸದ್ದಾದರೆ ಮುಚ್ಚುವುದು. ಜೇಬಿನಲ್ಲಿ ಮೊಬೈಲಿತ್ತು, ನಿಜ. ಆದರೆ ವಾಚಿನ ಕಸುಬಿಗೆ ಕಲ್ಲು ಹಾಕಿದ್ದೇ ಮೊಬೈಲು. ಅದರಲ್ಲಿ ಗಂಟೆ ನೋಡುವುದೆಂದರೆ ಶತ್ರುವಿನ ಮನೆಯಲ್ಲಿ ಉಂಡ ಹಾಗೆ ಎಂದು ಅವನ ವಾದ. ಇನ್ನು ಊಟದ ಹೊತ್ತು ಗೊತ್ತಾಗುತ್ತಿದ್ದುದು ಹೆಂಡತಿ ಡಬ್ಬಿ ತಂದಾಗ.

ಆಕೆ ಊರಿಗೆಲ್ಲ ಟೈಪು ಟೀಚರು. ಮಹಡಿ ಮೇಲಿನ ಉದ್ದನೆಯ ಕೋಣೆಯಲ್ಲಿ ಇಪ್ಪತ್ತೆಂಟು ವರ್ಷ ಟೈಪಿಂಗ್ ಕಲಿಸಿದವರು. ಊರಿನ ಅರ್ಧದಷ್ಟು ಗುಮಾಸ್ತರು ಇವತ್ತಿಗೂ ಅವರನ್ನು ದಾರಿಯಲ್ಲಿ ಕಂಡರೆ ಬೆರಳುಗಳನ್ನು ಬಚ್ಚಿಟ್ಟುಕೊಳ್ಳುತ್ತಾರೆ. ಟಿಕ್ಕಣ್ಣನನ್ನು ಊರು ಏಕವಚನದಲ್ಲೂ ಟೀಚರನ್ನು ಬಹುವಚನದಲ್ಲೂ ಮಾತಾಡಿಸುತ್ತಿತ್ತು. ನಾವೂ ಊರಿನ ಹಾಗೇ ಇರೋಣ.

ಇವರಿಬ್ಬರ ಪರಿಚಯವಾದದ್ದೂ ಒಂದು ಗಡಿಯಾರದಿಂದಲೇ. ಟೈಪಿಂಗ್ ಶಾಲೆಯ ಗೋಡೆ ಗಡಿಯಾರ ನಿಂತಿತು. ಗಡಿಯಾರವಿಲ್ಲದೆ ವೇಗದ ಪರೀಕ್ಷೆ ನಡೆಯದು. ಟೀಚರು ಅದನ್ನು ಟವೆಲ್ಲಿನಲ್ಲಿ ಸುತ್ತಿ ತಂದು ಕೊಟ್ಟು, ಮೂರನೆಯ ದಿನ ಬಂದು ನಿಂತರು.

"ಗಂಟೆ ಎಷ್ಟು ಇಡಲಿ?" ಎಂದ ಟಿಕ್ಕಣ್ಣ.

"ಗಡಿಯಾರದವರು ನೀವು. ನನ್ನನ್ನ ಕೇಳ್ತೀರಲ್ಲ?"

"ಗಿರಾಕಿ ನೀವಲ್ವಾ?"

ಟೀಚರು ತಮ್ಮ ಕೈಗಡಿಯಾರ ನೋಡಿಕೊಂಡರು. "ಹನ್ನೊಂದು ಗಂಟೆ ಆರು ನಿಮಿಷ. ಮುಳ್ಳು ಸರಿಯಾಗಿ ಆರರ ಗೆರೆ ಮೇಲೆ ಬರ್ಲಿ. ಆಚೆ ಈಚೆ ಬೇಡ."

ಆ ಮಾತಿಗೆ ಟಿಕ್ಕಣ್ಣ ಮರುಳಾದ. ಇಂಥ ಮಾತಿಗೂ ಮರುಳಾಗುವವರು ಲೋಕದಲ್ಲಿ ಇರುತ್ತಾರೆ. ಮದುವೆಯಾಗಿ ಮೂವತ್ತನಾಲ್ಕು ವರ್ಷ, ಟೀಚರು ದಿನಾ ಮಧ್ಯಾಹ್ನ ಊಟದ ಡಬ್ಬಿ ತಂದರು. ಶಾಲೆ ಇದ್ದಾಗ ಶಾಲೆಯಿಂದ, ಮುಚ್ಚಿದ ಮೇಲೆ ಮನೆಯಿಂದ. ಮೂವತ್ತನಾಲ್ಕು ವರ್ಷವೂ ಟಿಕ್ಕಣ್ಣ ಕಣ್ಣಿಗೆ ಸಿಕ್ಕ ಗಡಿಯಾರ ನೋಡಿ ಒಂದೇ ತಮಾಷೆ ಮಾಡಿದ. ಮುಳ್ಳು ನಾಲ್ಕರಲ್ಲಿದ್ದರೆ "ಏನು, ಇವತ್ತು ಇಷ್ಟು ಲೇಟು?", ಹತ್ತರಲ್ಲಿದ್ದರೆ "ಅಯ್ಯೋ, ಇಷ್ಟು ಬೇಗ ಬಂದ್ಯಾ?" ಟೀಚರು ನಗಲೂ ಇಲ್ಲ, ಸಿಟ್ಟಾಗಲೂ ಇಲ್ಲ. ಡಬ್ಬಿ ಬಿಚ್ಚಿ ಮುಂದೆ ಇಡುತ್ತಿದ್ದರು.

ಷಟರ್ ಸದ್ದಿನ ಪಕ್ಕದಂಗಡಿ ಟೀಚರ ತಮ್ಮನದು. ಮೊಬೈಲು, ಕಂಪ್ಯೂಟರು ಮಾರುವ ಗಾಜಿನ ಅಂಗಡಿ. ಒಳಗೆ ಹೋದರೆ ಬೆಳಕೇ ಬೆಳಕು, ಸಾಮಾನು ಇಡಲು ಮಾತ್ರ ಜಾಗವಿಲ್ಲ. ಹೀಗಾಗಿ ಬಾಮೈದನಿಗೆ ಎರಡು ವರ್ಷದಿಂದ ಒಂದೇ ಆಸೆ: ನಡುವಿನ ಗೋಡೆ ಒಡೆದು ಭಾವನ ಅಂಗಡಿಯನ್ನೂ ಸೇರಿಸಿಕೊಳ್ಳುವುದು. ಕೆಟ್ಟವನಲ್ಲ. ಭಾವನಿಗೆ ಮನೆಯಲ್ಲಿ ಒಳ್ಳೆಯ ಕುರ್ಚಿ ಹಾಕಿಸಿಕೊಡುತ್ತೇನೆ ಎಂದೂ ಹೇಳಿದ್ದ. ಆ ಕುರ್ಚಿಯ ಮಾತೇ ಟಿಕ್ಕಣ್ಣನಿಗೆ ಹೆಚ್ಚು ನಾಟಿದ್ದು. ಹದಿನಾಲ್ಕನೆಯ ವಯಸ್ಸಿನಿಂದ ಅವನು ಕೂತದ್ದು ಆ ಅಂಗಡಿಯ ಸ್ಟೂಲಿನ ಮೇಲೆ. ಅದು ಬಿಟ್ಟರೆ ಬೆಳಿಗ್ಗೆ ಎದ್ದು ಹೋಗಲು ಅವನಿಗೆ ಜಗತ್ತಿನಲ್ಲಿ ಇನ್ನೊಂದು ಜಾಗವಿರಲಿಲ್ಲ.

ಒಂದು ಭಾನುವಾರ ಬಾಮೈದ ಅಕ್ಕನ ಮನೆಗೆ ಊಟಕ್ಕೆ ಬಂದ. ಮೂಲೆಯಲ್ಲಿ ಟೀಚರ ಕಂಪ್ಯೂಟರಿತ್ತು. ಟೈಪಿಂಗ್ ಶಾಲೆ ಮುಚ್ಚಿದಾಗ ಹಾರದ ಬದಲು ಶಾಲೆಯವರು ಕೊಟ್ಟು ಕಳಿಸಿದ್ದು. ಹುಟ್ಟಿ ಇಪ್ಪತ್ತೆರಡು ವರ್ಷವಾಗಿತ್ತು. ಊರಿನವರ ಅರ್ಜಿ, ಪತ್ರಗಳನ್ನು ಟೀಚರು ಅದರಲ್ಲೇ ಟೈಪು ಮಾಡಿಕೊಡುತ್ತಿದ್ದರು. ಎರಡು ವಾರದಿಂದ ಅದು ಅರ್ಧಕ್ಕೆ ಬಂದು ನೀಲಿ ಪರದೆ ತೋರಿಸಿ ನಿಲ್ಲುತ್ತಿತ್ತು.

"ಅಕ್ಕ, ಇದು ಗುಜರಿ," ಎಂದ ಬಾಮೈದ. "ಒಳಗಿನ ಸಿಸ್ಟಮ್ಮೇ ಕೆಟ್ಟೋಗಿದೆ. ಇದಕ್ಕೆ ಈಗ ಯಾರೂ ಕೈ ಹಾಕಲ್ಲ. ಭಾವನ ಅಂಗಡಿ ಥರಾನೇ, ಕಾಲ ಮುಗೀತು."

ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಟಿಕ್ಕಣ್ಣನಿಗೆ ಕೋಪ ಮೂಗಿನ ಮೇಲೇ ಇರುತ್ತಿತ್ತು, ಅವತ್ತು ಜಾರಿ ತಟ್ಟೆಗೆ ಬಿತ್ತು.

"ಗುಜರಿ ಅಂತೆ! ನನ್ನ ಕೈಗೆ ಬಂದ ಯಂತ್ರ ಯಾವುದೂ ಗುಜರಿಗೆ ಹೋಗಿಲ್ಲ. ಇದರ ರೋಗ ನಾನು ಹಿಡೀತೀನಿ."

"ಹಿಡೀಲಿಲ್ಲ ಅಂದ್ರೆ?"

"ಸೋತವರು ಅಂಗಡಿ ಬೀಗದ ಕೈ ಗೆದ್ದವರಿಗೆ ಕೊಡೋದು. ಹಿಡಿದೆ ಅಂದ್ರೆ ನೀನು ಮತ್ತೆ ಗೋಡೆ ಮಾತು ಎತ್ತಬಾರದು."

"ಯಾವತ್ತಿಗೆ ಭಾವ?"

"ಶನಿವಾರ ನಿನ್ನ ಷಟರ್ ಇಳಿಯೋದರೊಳಗೆ."

ಬಾಮೈದ ಅಕ್ಕನ ಮುಖ ನೋಡಿದ. ಟೀಚರು "ಇನ್ನೊಂದು ಸ್ವಲ್ಪ ಹಾಕ್ಲಾ?" ಎಂದು ಇಬ್ಬರಿಗೂ ಬಡಿಸಿದರು. ಬಡಿಸಿ ಒಳಗೆ ಹೋಗಿ, ಯಾರಿಗೂ ಕಾಣದ ಹಾಗೆ ಹಣೆ ಚಚ್ಚಿಕೊಂಡರು.

ಸೋಮವಾರ ಕಂಪ್ಯೂಟರು ಕೈಗಾಡಿಯಲ್ಲಿ ಅಂಗಡಿಗೆ ಬಂತು. ಕಾಲೇಜಿನಲ್ಲಿ ಲ್ಯಾಬ್ ಅಟೆಂಡರ್ ಆಗಿದ್ದ ಗಿರಾಕಿಯೊಬ್ಬ ಉಪಾಯ ಹೇಳಿದ: ಹಳೆಯ ಸಿಸ್ಟಮ್ಮನ್ನು ಪೂರ್ತಿ ತೆಗೆದು ಲಿನಕ್ಸ್ ಹಾಕಿಬಿಡಿ, ಯಾರಪ್ಪನ ಸೊತ್ತೂ ಅಲ್ಲ, ಪುಕ್ಕಟೆ, ಹಳೇ ಯಂತ್ರಕ್ಕೆ ಅದೇ ವಾಸಿ. ಸಿಸ್ಟಮ್ ತುಂಬಿದ ಡಿಸ್ಕೊಂದನ್ನೂ ಕೊಟ್ಟ. ಪೆನ್‌ಡ್ರೈವಿನಿಂದ ಏಳುವ ವಿದ್ಯೆ ಈ ಯಂತ್ರ ಹುಟ್ಟಿದ ಕಾಲಕ್ಕೆ ಇನ್ನೂ ರೂಢಿಗೆ ಬಂದಿರಲಿಲ್ಲ.

ಟಿಕ್ಕಣ್ಣ ಮೊದಲು ಮಾಡಿದ್ದು ತನಗೆ ಗೊತ್ತಿದ್ದ ಕೆಲಸ. ಡಬ್ಬ ಬಿಚ್ಚಿ, ಬ್ರಶ್ಶು ಹಿಡಿದು, ಇಪ್ಪತ್ತೆರಡು ವರ್ಷದ ಧೂಳು ತೆಗೆದ. ಒಳಗಿನ ಹಸಿರು ಹಲಗೆಯ ಮೂಲೆಯಲ್ಲಿ ಬಿಲ್ಲೆಯಂಥ ಒಂದು ಸೆಲ್ಲು ಕೂತಿತ್ತು. ಅದನ್ನೂ ಬಟ್ಟೆಯಲ್ಲಿ ಒರೆಸಿ ಫಳಫಳ ಮಾಡಿದ. 'ಗೋಡೆಯಿಂದ ಕರೆಂಟು ಕುಡಿಯೋ ಯಂತ್ರಕ್ಕೆ ಸೆಲ್ಲು ಯಾಕೆ? ಶೋಕಿ' ಎಂದುಕೊಂಡು ಮುಚ್ಚಿದ. ಇದೇ ಟಿಕ್ಕಣ್ಣ ದಿನಕ್ಕೆ ಹತ್ತು ಸಲ ಗಿರಾಕಿಗಳನ್ನು ಬೈಯುತ್ತಿದ್ದ: ವಾಚು ಪೂರ್ತಿ ಕೆಟ್ಟಿದೆ ಅಂತ ಅಳ್ತಾ ಬರ್ತೀರಿ, ಒಂದು ಸೆಲ್ಲು ಹೋಗಿದೆಯೋ ನೋಡೋಣ ಅನ್ನೋ ಬುದ್ಧಿ ಇಲ್ಲ ನಿಮಗೆ.

ಸ್ವಿಚ್ಚು ಹಾಕಿದ. ಯಂತ್ರ ಒಂದು ಸಲ ಕೂಗಿ, ಕಪ್ಪು ಪರದೆಯ ಮೇಲೆ ಇಂಗ್ಲಿಷಿನಲ್ಲಿ ಒಂದು ಸಾಲು ಬರೆಯಿತು. ದಿನಾಂಕ, ಸಮಯ ಹೊಂದಿಸಿಲ್ಲ. ಮುಂದೆ ಹೋಗಲು ಎಫ್-ಒನ್ ಒತ್ತಿ ಎಂದು ಅದರ ಅರ್ಥ. ಬೇರೆ ಯಾರಾದರೂ ಆಗಿದ್ದರೆ ಇಲ್ಲಿ ಒಂದು ಗಳಿಗೆ ನಿಲ್ಲುತ್ತಿದ್ದರು. ಟಿಕ್ಕಣ್ಣನಿಗೆ ಮಾತ್ರ ಈ ಯಂತ್ರ ತನ್ನ ಜಾತಿಯದೇ ಅನಿಸಿತು. "ಸರಿಯಾಗೇ ಹೇಳ್ತಿದೆ. ರಿಪೇರಿ ಇನ್ನೂ ಮುಗಿದಿಲ್ಲ, ಗಿರಾಕಿ ಬಂದಿಲ್ಲ. ಸಮಯ ಯಾಕೆ ಇಡಬೇಕು?" ಎಂದು ಸಂತೋಷದಿಂದ ಎಫ್-ಒನ್ ಒತ್ತಿದ.

ಯಂತ್ರ ಡಿಸ್ಕನ್ನು ಓದಲಿಲ್ಲ. ಅಟೆಂಡರು ಫೋನಿನಲ್ಲಿ, "ಮೊದಲು ಡಿಸ್ಕು ನೋಡು ಅಂತ ಅದಕ್ಕೆ ಹೇಳ್ಬೇಕಣ್ಣ, ಸೆಟಪ್ಪಿಗೆ ಹೋಗಿ" ಎಂದ. ಸೆಟಪ್ಪಿನ ಮೊದಲ ಪುಟದಲ್ಲೇ ತಾರೀಖೂ ಗಂಟೆಯೂ ಇದ್ದವು. ಇಪ್ಪತ್ತೆರಡು ವರ್ಷ ಹಿಂದಿನ ಜನವರಿ ಒಂದು, ಹನ್ನೆರಡು ಗಂಟೆ ಮೂರು ನಿಮಿಷ. ಟಿಕ್ಕಣ್ಣ ಕನ್ನಡಕ ಏರಿಸಿ ನೋಡಿದ. ಎದುರು ಗೋಡೆಯ ಮಾವನ ಗಡಿಯಾರದ ಜೊತೆಗಿಟ್ಟು ಪೂರ್ತಿ ಐದು ನಿಮಿಷ ಎಣಿಸಿದ. ಒಂದು ಸೆಕೆಂಡೂ ಹೆಚ್ಚುಕಮ್ಮಿ ಇರಲಿಲ್ಲ. ಪುಸ್ತಕ ತೆಗೆದು "ಕಂಪ್ಯೂಟರು: ಓಟ ಸರಿ" ಎಂದು ಬರೆದ. ಆಮೇಲೆ ಡಿಸ್ಕು ಮೊದಲು ಎಂದು ಬದಲಾಯಿಸಿ ಹೊರಗೆ ಬಂದ.

ಈ ಸಲ ಡಿಸ್ಕು ತಿರುಗಿತು. ತಿರುಗಿ, ನಿನ್ನ ಯಂತ್ರ ಮುದುಕ, ನಾನು ಹೊಸ ಕಾಲದ ಪ್ರೊಸೆಸರಿಗೆ ಹುಟ್ಟಿದವನು, ನಮಗೆ ಆಗಿಬರದು ಎಂಬ ಅರ್ಥದ ಸಾಲೊಂದನ್ನು ಬರೆದು ನಿಂತಿತು. ಮಂಗಳವಾರ ಅಟೆಂಡರು ಹಳೆಯ ಯಂತ್ರಗಳಿಗೆಂದೇ ಇರುವ ಇನ್ನೊಂದು ಡಿಸ್ಕು ತಂದುಕೊಟ್ಟ. ಅಷ್ಟರಲ್ಲಿ ಯಂತ್ರ, ನಿನ್ನೆ ಹೇಳಿಕೊಟ್ಟದ್ದನ್ನೆಲ್ಲ ಮರೆತಿತ್ತು. ಟಿಕ್ಕಣ್ಣ ಅಂಗಡಿ ಮುಚ್ಚುವಾಗ ಗೋಡೆಯ ಸ್ವಿಚ್ಚು ಆರಿಸುತ್ತಿದ್ದ. ಬೆಳಿಗ್ಗೆ ಹಾಕಿದರೆ ಮತ್ತೆ ಅದೇ ಎಫ್-ಒನ್ನು, ಮತ್ತೆ ಡಿಸ್ಕು ಮೊದಲು ಎಂಬ ಪಾಠ, ಮತ್ತೆ ಅದೇ ಜನವರಿ ಒಂದು. "ವಯಸ್ಸಾಯ್ತಲ್ಲ, ಮರೆವು ಇರುತ್ತೆ" ಎಂದು ಅವನು ಅದನ್ನೂ ಹೊಟ್ಟೆಗೆ ಹಾಕಿಕೊಂಡ.

"ಶುರುವಿನಲ್ಲಿ ಏನಾದ್ರೂ ತಕರಾರು ಮಾಡುತ್ತಾ ಅಣ್ಣ?" ಎಂದು ಅಟೆಂಡರು ಫೋನಿನಲ್ಲಿ ಕೇಳಿದ. ಒಳ್ಳೆಯ ಪ್ರಶ್ನೆ. ಕೇಳಬೇಕಾದ್ದನ್ನೇ ಕೇಳಿದ್ದ.

"ಏನಿಲ್ಲಪ್ಪ. ಒಂದು ನಮಸ್ಕಾರ ಹೇಳುತ್ತೆ, ನಾನೂ ಒಂದು ಹೇಳ್ತೀನಿ. ಬಹಳ ಮರ್ಯಾದಸ್ಥ ಯಂತ್ರ."

ಬುಧವಾರ ಪರದೆ ಅರ್ಧ ದಾರಿಯಲ್ಲಿ ಕಪ್ಪಾಯಿತು. ಅಟೆಂಡರು ಹೇಳಿದ ಒಂದು ಪದವನ್ನು ಶುರುವಿನ ಸಾಲಿಗೆ ಸೇರಿಸಿದ ಮೇಲೆ ಬೆಳಕು ಬಂತು. ಆಮೇಲೆ ಮೆಮೊರಿ ಸಾಲದೆ ಏದುಸಿರು ಬಿಟ್ಟಿತು. ಟಿಕ್ಕಣ್ಣ ಗುಜರಿಯವನ ಗುಡ್ಡೆಯಲ್ಲಿ ಕೈಯಾಡಿಸಿ ಅದೇ ವಯಸ್ಸಿನ ಇನ್ನೊಂದು ಮೆಮೊರಿ ಪಟ್ಟಿ ಹುಡುಕಿ ತಂದು ಸಿಕ್ಕಿಸಿದ. ನಡುನಡುವೆ ಬಾಮೈದ ಬಂದು, "ನೀವು ನಿಮ್ಮ ಕೆಲಸ ಮಾಡಿ ಭಾವ, ನಾನು ಸುಮ್ಮನೆ" ಎನ್ನುತ್ತ ಅಳತೆಯ ಟೇಪು ಬಿಚ್ಚಿ ನಡುಗೋಡೆಯನ್ನು ಉದ್ದಕ್ಕೂ ಅಡ್ಡಕ್ಕೂ ಅಳೆದ. ಟೇಪು ಸರ್ರನೆ ಒಳಗೆ ಸುತ್ತಿಕೊಳ್ಳುವ ಸದ್ದು ಟಿಕ್ಕಣ್ಣನಿಗೆ ಬೆನ್ನ ಮೇಲೆ ಹರಿದ ಹಾಗಾಯಿತು.

ಗುರುವಾರ ಎಲ್ಲ ಸರಿಹೋಯಿತು. ಅಂದರೆ, ಇನ್ನೇನು ಮುಗಿಯಿತು ಅನ್ನುವಲ್ಲಿಗೆ ಬಂದು ನಿಂತಿತು. ಡಿಸ್ಕಿನಲ್ಲಿದ್ದದ್ದನ್ನೆಲ್ಲ ಯಂತ್ರ ಒಳಗಿಳಿಸಿಕೊಂಡಿತು. ಉಳಿದದ್ದನ್ನು ಇಂಟರ್‌ನೆಟ್ಟಿನಿಂದ ತರಬೇಕು. ತಂತಿ ಬಾಮೈದನ ಅಂಗಡಿಯಿಂದಲೇ ಬಂದಿತ್ತು. ಕೇಳಿದಾಗ ಅವನು ಇಲ್ಲ ಅನ್ನಲಿಲ್ಲ, ಅಷ್ಟರಮಟ್ಟಿಗೆ ಅವನೂ ಮರ್ಯಾದಸ್ಥ. ತಂತಿ ಸಿಕ್ಕಿಸಿದರೆ ಪರದೆಯ ಮೇಲೆ ಹೊಸ ಸಾಲು: ಈ ಕಡತ ಇನ್ನೂ ಊರ್ಜಿತವಾಗಿಲ್ಲ, ಇನ್ನೂ ಎಂಟು ಸಾವಿರದ ಚಿಲ್ಲರೆ ದಿನ ಊರ್ಜಿತವಾಗುವುದಿಲ್ಲ.

ಟಿಕ್ಕಣ್ಣ ಭೂತಗನ್ನಡಿ ಹಿಡಿದು ಮೂರು ಸಲ ಓದಿದ. ಎಂಟು ಸಾವಿರ ದಿನ! ಪುಕ್ಕಟೆ ಸಾಮಾನೆಂದರೆ ಹೀಗೇ ಇರಬೇಕು ಎಂದುಕೊಂಡ. ಯಾವ ಕಚೇರಿಯಲ್ಲಿ ಅರ್ಜಿ ಕೊಟ್ಟರೂ ನಾಳೆ ಬಾ ಅನ್ನುತ್ತಾರೆ; ಇದೊಂದು ಮಾತ್ರ ದಿನ ಎಣಿಸಿ ಹೇಳುತ್ತಿದೆ. ಗಡಿಯಾರದವನಿಗೆ ತಾಳ್ಮೆ ಜಾಸ್ತಿ, ಆದ್ದರಿಂದ ಅವನು ಸ್ವಲ್ಪ ಹೊತ್ತು ನಿಜವಾಗಿಯೂ ಕಾದ. ಒಂದು ಟೀ ಕುಡಿದು ಬಂದು ನೋಡಿದ. ಅದೇ ಸಾಲು. ತಂತಿ ಬದಲಾಯಿಸಿದ. ಅದೇ ಸಾಲು. ನೆಟ್ಟಿನ ಕಾರ್ಡು ಬದಲಾಯಿಸಿದ, ಅದಕ್ಕಾಗಿ ಮತ್ತೆ ಗುಜರಿಗೆ ಹೋಗಿ ಬಂದ. ಅದೇ ಸಾಲು. ಶುಕ್ರವಾರ ಹಾರ್ಡ್ ಡಿಸ್ಕನ್ನೇ ಬದಲಾಯಿಸಿ, ಮೊದಲಿಂದ ಎಲ್ಲ ಹಾಕಿ, ಮಧ್ಯಾಹ್ನದ ಡಬ್ಬಿಯನ್ನೂ ಮುಟ್ಟದೆ ಕೂತ. ಸಂಜೆಗೆ ಅದೇ ಸಾಲು ಬಂತು, ಒಂದು ಅಕ್ಷರವೂ ಆಚೀಚೆ ಇಲ್ಲದೆ.

ಅಟೆಂಡರಿಗೆ ಫೋನು ಮಾಡಿದ. ಅವನು ಯಾವುದೋ ಪರೀಕ್ಷೆಯ ಕೆಲಸದಲ್ಲಿದ್ದ, ಫೋನು ಎತ್ತಲಿಲ್ಲ. ಷಟರ್ ಇಳಿದ ಸದ್ದಾಯಿತು. ಟಿಕ್ಕಣ್ಣ ಎದ್ದು ಬಾಗಿಲು ಹಾಕದೆ ಸ್ವಲ್ಪ ಹೊತ್ತು ಸ್ಟೂಲಿನ ಮೇಲೇ ಕೂತಿದ್ದ. ನಲವತ್ತೊಂದು ಗಡಿಯಾರಗಳು ನಲವತ್ತೊಂದು ಥರ ಟಿಕ್ ಎನ್ನುತ್ತಿದ್ದವು. ಅವನಿಗೆ ಭಯವಾಯಿತು. ಗೋಡೆ ಬಿದ್ದರೆ ಇವನ್ನೆಲ್ಲ ಎಲ್ಲಿಗೆ ಒಯ್ಯಬೇಕು, ಆ ಕುರ್ಚಿಯಲ್ಲಿ ಕೂತು ಯಾರ ಮುಖ ನೋಡಬೇಕು ಎಂದು ಯೋಚಿಸುತ್ತ ಮನೆಗೆ ನಡೆದ.

ಶನಿವಾರ ಮಧ್ಯಾಹ್ನ ಟೀಚರು ಡಬ್ಬಿ ತಂದರು. ಟಿಕ್ಕಣ್ಣ ತಲೆ ಎತ್ತಲಿಲ್ಲ, ಲೇಟು ಬೇಗ ಎಂಬ ತಮಾಷೆಯನ್ನೂ ಮಾಡಲಿಲ್ಲ. ಮೂವತ್ತನಾಲ್ಕು ವರ್ಷದಲ್ಲಿ ಮೊದಲ ಸಲ ಆ ತಮಾಷೆ ತಪ್ಪಿದ್ದು. ಟೀಚರು ಡಬ್ಬಿಯನ್ನು ಅವನ ಮುಂದಕ್ಕೆ ಸರಿಸಿದರು.

"ಏನ್ರೀ, ಊಟ ಮಾಡಿ."

"ಬೇಡ. ಇದರ ರೋಗ ನನಗೆ ಸಿಗಲ್ಲ ಕಣೇ. ಎಲ್ಲ ಬದಲಾಯಿಸಿದೆ. ಇನ್ನು ಬದಲಾಯಿಸೋಕೆ ನಾನೊಬ್ಬ ಉಳಿದಿದ್ದೀನಿ."

"ಸರೀರಿ, ನಾನೊಂದು ಸಲ ನೋಡ್ಲಾ?"

"ನೀನು ಏನು ನೋಡ್ತೀಯ? ಇದು ಟೈಪಿಂಗ್ ಪೇಪರಾ?"

ಟೀಚರಿಗೆ ಪರದೆಯೂ ಪೇಪರೇ. ಇಪ್ಪತ್ತೆಂಟು ವರ್ಷ ಮಕ್ಕಳು ಟೈಪು ಮಾಡಿದ ಪತ್ರಗಳನ್ನು ತಿದ್ದಿದ ಕೈ. ಪತ್ರದಲ್ಲಿ ಏನು ಬರೆದಿದೆ ಎಂದು ಅವರು ಯಾವತ್ತೂ ಮೊದಲು ನೋಡಿದವರಲ್ಲ. ಮೊದಲು ನೋಡುತ್ತಿದ್ದುದು ಬಲಗಡೆ ಮೇಲಿನ ಮೂಲೆ. ಹತ್ತರಲ್ಲಿ ಎಂಟು ಮಕ್ಕಳು ಅಲ್ಲಿ ತಾರೀಖು ಹಾಕುವುದನ್ನು ಮರೆಯುತ್ತಿದ್ದರು, ಇಲ್ಲವೇ ತಪ್ಪು ಹಾಕುತ್ತಿದ್ದರು. ಹಳೆಯ ಚಾಳಿಯಂತೆ ಅವರ ಕಣ್ಣು ಪರದೆಯ ಬಲಮೂಲೆಗೆ ಹೋಯಿತು.

"ತಾರೀಖು ತಪ್ಪಿದೆ," ಎಂದರು.

"ಇರ್ಲಿ ಬಿಡು. ಅದು ಆಮೇಲೆ."

"ಒಂದು ದಿನ ಎರಡು ದಿನ ಅಲ್ಲಾರೀ. ಇಪ್ಪತ್ತೆರಡು ವರ್ಷ ತಪ್ಪಿದೆ." ಟೀಚರು ಕೆಳಗಿನ ಸಾಲು ಓದಿದರು. ಬೆರಳು ಮಡಿಸಿ ಲೆಕ್ಕ ಹಾಕಿದರು. "ಎಂಟು ಸಾವಿರ ದಿನ ಅಂದ್ರೆ ಎಷ್ಟು ವರ್ಷ ಗೊತ್ತಾ? ಅದೇ ಇಪ್ಪತ್ತೆರಡು. ನಾಳೆ ತಾರೀಖು ಹಾಕಿದ ಪತ್ರ ಇವತ್ತು ಬಂದ್ರೆ ನಾನೂ ವಾಪಸು ಕಳಿಸ್ತೀನಿ. ಇದೂ ಅದನ್ನೇ ಮಾಡ್ತಿದೆ. ಇದರ ಪಾಲಿಗೆ ಆ ಕಡತ ಇನ್ನೂ ಹುಟ್ಟೇ ಇಲ್ಲ."

ಟಿಕ್ಕಣ್ಣನಿಗೆ ಅರ್ಥವಾಗಲು ತುಸು ಹೊತ್ತು ಬೇಕಾಯಿತು. ಅರ್ಥವಾದ ಮೇಲೂ ಕೈ ಮುಂದೆ ಹೋಗಲಿಲ್ಲ. ಮಾವನ ಪಾಠ ಅಷ್ಟು ಆಳಕ್ಕೆ ಇಳಿದಿತ್ತು.

"ರಿಪೇರಿ ಮುಗಿಯೋ ಮೊದಲು ಹೇಗೇ ಸಮಯ ಇಡೋದು? ಗಿರಾಕಿ ಬರಬೇಕಲ್ಲ..."

"ಗಿರಾಕಿ ನಾನೇರೀ," ಎಂದರು ಟೀಚರು. "ಕಂಪ್ಯೂಟರು ನನ್ನದು. ಬಂದಿದ್ದೀನಿ, ನಿಮ್ಮೆದುರಿಗೇ ನಿಂತಿದ್ದೀನಿ."

ಟಿಕ್ಕಣ್ಣ ಹೆಂಡತಿಯ ಮುಖ ನೋಡಿದ. ಯಂತ್ರ ಆರಿಸಿ ಮತ್ತೆ ಹಾಕಿದ. ಪರದೆಯ ಮೇಲೆ ಆರು ದಿನದ ಆ ನಮಸ್ಕಾರದ ಸಾಲು ಬಂತು. ಈಗ ಅದನ್ನು ತಕರಾರೆಂದು ಓದಿದ, ಆರು ದಿನದಲ್ಲಿ ಮೊದಲ ಸಲ. ಅವನ ಕಿವಿ ಕೆಂಪಾಯಿತು. ಸೆಟಪ್ಪಿಗೆ ಹೋಗಿ, ತಗ್ಗಿದ ದನಿಯಲ್ಲಿ, "ಗಂಟೆ ಎಷ್ಟು ಇಡಲಿ?" ಎಂದ.

"ಒಂದು ಗಂಟೆ ಹದಿನೇಳು ನಿಮಿಷ. ತಾರೀಖು ನಾನು ಹೇಳ್ತೀನಿ, ಬರ್ಕೊಳಿ."

ಆಮೇಲೆ ನಡೆದದ್ದರಲ್ಲಿ ಹೇಳುವಂಥದ್ದು ಏನೂ ಇಲ್ಲ. ಕಡತಗಳು ಒಂದರ ಹಿಂದೊಂದು ಶಾಲೆ ಬಿಟ್ಟ ಮಕ್ಕಳ ಹಾಗೆ ಇಳಿದು ಬಂದವು. ಟಿಕ್ಕಣ್ಣ ಊಟ ಮಾಡಿದ. ಸಂಜೆಯ ಹೊತ್ತಿಗೆ ಯಂತ್ರ ಹೊಸ ಸಿಸ್ಟಮ್ಮಿನಲ್ಲಿ ಎದ್ದು ಕೂತಿತು. ಅದನ್ನು ಆರಿಸಿ, ಡಬ್ಬ ಬಿಚ್ಚಿ, ತಾನೇ ಫಳಫಳ ಮಾಡಿದ್ದ ಆ ಬಿಲ್ಲೆಯನ್ನು ತೆಗೆದು ಮೀಟರಿಟ್ಟು ನೋಡಿದ. ಮುಳ್ಳು ಅಲ್ಲಾಡಲಿಲ್ಲ. ಯಂತ್ರ ಮಲಗಿದಾಗ ತಾರೀಖನ್ನೂ ಹೇಳಿಕೊಟ್ಟ ಪಾಠವನ್ನೂ ನೆನಪಿಟ್ಟುಕೊಳ್ಳಲೆಂದೇ ಇದ್ದ ಸೆಲ್ಲು ಅದು, ಯಾವತ್ತೋ ಸತ್ತಿತ್ತು. ಅಂಥವು ಅವನ ಮೂರನೆಯ ಡ್ರಾಯರಿನಲ್ಲಿ ಒಂದು ಡಬ್ಬಿ ತುಂಬ ಇದ್ದವು; ಒಂದನ್ನು ಹಾಕಿ, ತಾರೀಖು ಮತ್ತೆ ಇಟ್ಟು ಮುಚ್ಚಿದ. ಕಂಕುಳಲ್ಲಿ ಕೂಸನ್ನಿಟ್ಟುಕೊಂಡು ಊರೆಲ್ಲ ಹುಡುಕಿದರು ಎಂದು ಗಾದೆ ಮಾಡಿದವರು ಟಿಕ್ಕಣ್ಣನನ್ನು ನೋಡಿರಲಿಲ್ಲ, ನೋಡಿದ್ದರೆ ಗಾದೆ ಇನ್ನೂ ಉದ್ದವಾಗುತ್ತಿತ್ತು.

ಷಟರ್ ಇಳಿಸುವ ಮೊದಲು ಬಾಮೈದ ಬಂದ, ಕೈಯಲ್ಲಿ ಟೇಪು ಹಿಡಿದೇ ಬಂದ. ಪರದೆಯ ಮೇಲೆ ಟೀಚರು ಯಾರದೋ ಅರ್ಜಿ ಟೈಪು ಮಾಡುತ್ತಿದ್ದರು. ಅವನ ಮುಖ ಸಣ್ಣದಾಯಿತು, ಆದರೂ ನಕ್ಕ.

"ಒಪ್ಪಿದೆ ಭಾವ. ಗೋಡೆ ಮಾತು ಇವತ್ತಿಗೆ ಮುಗೀತು. ಏನಿತ್ತು ರೋಗ?"

ಇಲ್ಲಿ ಟಿಕ್ಕಣ್ಣ "ಸೆಲ್ಲು" ಎಂದು ಒಂದು ಮಾತು ಹೇಳಿ ಸುಮ್ಮನಾಗಿದ್ದರೆ ಮುಗಿದಿತ್ತು. ಟೀಚರೂ ಅದನ್ನೇ ಬಯಸಿದ್ದರು. ಏನೂ ಕೇಳಿಸದವರ ಹಾಗೆ ಬೀದಿ ನೋಡುತ್ತ ಟೈಪು ಮಾಡುತ್ತಿದ್ದರು. ಆದರೆ ಟಿಕ್ಕಣ್ಣ ಐದು ದಿನ ಹಿಂದೆ ತನ್ನ ಪುಸ್ತಕದಲ್ಲಿ ತಾನೇ "ಓಟ ಸರಿ" ಎಂದು ಬರೆದಿದ್ದ, ಆ ಪುಟ ಮುಂದೆಯೇ ತೆರೆದಿತ್ತು. ಬರೆದದ್ದನ್ನು ನೋಡಿಕೊಂಡು ಸುಳ್ಳು ಹೇಳುವ ಬಾಯಿ ಅವನದಲ್ಲ. ಎದ್ದು, ಮೊಳೆಯಿಂದ ಬೀಗದ ಕೈ ತೆಗೆದು, ಮೇಜಿನ ಮೇಲಿಟ್ಟ.

"ರೋಗ ನನಗೆ ಸಿಗಲಿಲ್ಲ. ಕಂಡುಹಿಡಿದಿದ್ದು ನಿನ್ನ ಅಕ್ಕ. ನಾನು ಸೋತೆ."

ಬಾಮೈದ ಒಂದು ಕ್ಷಣ ನಂಬಲಿಲ್ಲ. ಆಮೇಲೆ ನಂಬಿದ. ನಂಬಿದ ಕೂಡಲೇ ಕೈ ಮುಂದೆ ಬಂತು. ಬೀಗದ ಕೈ ಮುಟ್ಟುವಷ್ಟರಲ್ಲಿ ಅದರ ಮೇಲೆ ಟೀಚರ ಅಂಗೈ ಬಿದ್ದಿತ್ತು. ಇಪ್ಪತ್ತೆಂಟು ವರ್ಷ ವೇಗದ ಪರೀಕ್ಷೆ ಮಾಡಿಸಿದವರ ಕೈ.

"ಮಾತು ಏನಂತ ಆಗಿತ್ತೋ?"

"ಸೋತವರು ಗೆದ್ದವರಿಗೆ..." ಎಂದ ತಮ್ಮ, ಮತ್ತು ಅರ್ಧಕ್ಕೇ ನಿಂತ.

"ಗೆದ್ದಿದ್ದು ನೀನಾ?"

ಟೇಪು ಜೇಬಿಗೆ ಹೋಯಿತು. "ಅಕ್ಕ, ನಿನ್ನ ಹತ್ರ ಮಾತಾಡಿ ಗೆದ್ದವರು ಹುಟ್ಟಿಲ್ಲ," ಎಂದು ಹೋಗಿ ಷಟರ್ ಎಳೆದ. ಅವತ್ತು ಷಟರ್ ಸದ್ದು ಸ್ವಲ್ಪ ಜೋರಾಗಿತ್ತು.

ಟೀಚರು ಬೀಗದ ಕೈಯನ್ನು ತಮ್ಮ ಕೈಚೀಲಕ್ಕೆ ಹಾಕಿಕೊಂಡರು. "ಸೋಮವಾರದಿಂದ ಬೆಳಿಗ್ಗೆ ಕೇಳಿ ಇಸ್ಕೊಂಡು ಹೋಗಿ. ಅಂಗಡಿ ನನ್ನದಾಯ್ತಲ್ಲ, ಒಂದೇ ಒಂದು ಮಾತು ನಡೆಸಿಕೊಡ್ಬೇಕು."

"ಏನು?"

"ಇಷ್ಟು ಗಡಿಯಾರದಲ್ಲಿ ಯಾವುದಾದ್ರೂ ಒಂದು ಸರಿ ಗಂಟೆ ತೋರಿಸ್ಲಿ. ಒಂದು ಸಾಕು."

ಟಿಕ್ಕಣ್ಣ ತಲೆ ಕೆರೆದುಕೊಂಡ. ನಲವತ್ತಕ್ಕೂ ಬೇರೆ ಬೇರೆ ಗಿರಾಕಿಗಳಿದ್ದರು; ಅವರು ಬಂದು ನಿಲ್ಲದೆ ಮುಟ್ಟುವಂತಿರಲಿಲ್ಲ. ಗಿರಾಕಿ ಇಲ್ಲದ್ದು ಒಂದೇ. ಸ್ಟೂಲು ಎಳೆದುಕೊಂಡು ಹತ್ತಿ ಮಾವನ ಗಡಿಯಾರದ ಗಾಜಿನ ಬಾಗಿಲು ತೆಗೆದ. "ಗಂಟೆ ಎಷ್ಟು ಇಡಲಿ?" ಎಂದು ಮೇಲಿಂದಲೇ ಕೇಳಿದ, ಅವರು ಹೇಳಿದ ಕಡೆಗೆ ಮುಳ್ಳು ತಿರುಗಿಸಿದ.

ಸೋಮವಾರ ಮಧ್ಯಾಹ್ನ ಟೀಚರು ಡಬ್ಬಿ ಹಿಡಿದು ಮೆಟ್ಟಿಲು ಹತ್ತಿದಾಗ ಮಾವನ ಗಡಿಯಾರ ಒಂದು ಹೊಡೆಯಿತು. ಟಿಕ್ಕಣ್ಣ ಹಳೆಯ ತಮಾಷೆಗೆ ಬಾಯಿ ತೆರೆದ. ಲೇಟೂ ಅಲ್ಲ, ಬೇಗವೂ ಅಲ್ಲ. ಕಾಕತಾಳೀಯ ಎಂದುಕೊಂಡ. ಮಂಗಳವಾರವೂ ಒಂದು ಹೊಡೆಯಿತು, ಡಬ್ಬಿ ಬಂತು. ಬುಧವಾರ ಅವನು ಕೆಲಸ ಬಿಟ್ಟು ಮುಳ್ಳನ್ನೇ ನೋಡುತ್ತ ಕೂತ. ಒಂದು. ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದು. ಹಾಗೇ ಶನಿವಾರದವರೆಗೆ ನಡೆಯಿತು. ಮೂವತ್ತನಾಲ್ಕು ವರ್ಷವೂ ಹೀಗೇ ಬಂದಿರಬೇಕು ಎಂದು ಆಗ ಅವನಿಗೆ ಹೊಳೆಯಿತು. ಮಳೆಯಲ್ಲಿ, ಜ್ವರದಲ್ಲಿ, ಶಾಲೆ ಮುಚ್ಚಿದ ದಿನವೂ ಇವಳು ಬಂದದ್ದು ಒಂದು ಗಂಟೆಗೆ. ಅದನ್ನು ಅಳೆಯಲು ನಲವತ್ತೊಂದು ಗಡಿಯಾರದ ನಡುವೆ ಕೂತ ತನ್ನ ಹತ್ತಿರ ಒಂದೂ ಇರಲಿಲ್ಲ. ನಾಚಿಕೆಯಾಯಿತು.

ಟೀಚರು ಡಬ್ಬಿ ಬಿಚ್ಚುತ್ತಿದ್ದಾಗ ಅವನು ಓಟದ ಪುಸ್ತಕ ತೆಗೆದು, "ಕಂಪ್ಯೂಟರು: ಓಟ ಸರಿ" ಎಂಬ ಸಾಲಿನ ಕೆಳಗೆ ಬರೆದ: "ಮನೆಯವಳು. ಮೂವತ್ತನಾಲ್ಕು ವರ್ಷ. ವ್ಯತ್ಯಾಸ ಇಲ್ಲ."

ಬರೆದು ಪುಸ್ತಕವನ್ನು ಅವರ ಕಡೆ ತಿರುಗಿಸಿದ. ಟೀಚರು ಓದಿದರು. ತುಂಬ ಹೊತ್ತು ಓದಿದರು, ಅಷ್ಟುದ್ದದ ಬರಹವೇನೂ ಅಲ್ಲದಿದ್ದರೂ. ಆಮೇಲೆ ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, ಪುಟದ ಬಲಗಡೆ ಮೇಲಿನ ಮೂಲೆಯನ್ನು ಬೆರಳಿನಿಂದ ತಟ್ಟಿದರು.

"ತಾರೀಖು ಹಾಕಿಲ್ಲ," ಎಂದರು.